ಮೂವತ್ತಮೂರು ಗುಂಡಿಗಳ ಕೋಟು

ಮೊಮ್ಮಗಳ ಕಾಲೇಜಿನಲ್ಲಿ ನಾಟಕವಂತೆ. ಕಾಲೇಜು ಇರುವುದು ವಾಮಂಜೂರಿನಲ್ಲಿ. ನಾಟಕದಲ್ಲಿ ಅವಳದು ಪಾದ್ರಿಯ ಪಾತ್ರ. "ಹುಡುಗರು ಯಾರೂ ಸಿಗ್ಲಿಲ್ವಾ?" ಎಂದು ಕೇಳಿದೆ. "ಇದ್ದಾರೆ ಗ್ರ್ಯಾನಿ. ಅವರಿಗೆ ಸ್ಟೇಜಿನಲ್ಲಿ ನಗು ಬರ್ತದೆ, ನನಗೆ ಬರುವುದಿಲ್ಲ" ಎಂದಳು. ಈ ಗುಣ ಅವಳಿಗೆ ಎಲ್ಲಿಂದ ಬಂತೋ ತಿಳಿಯದು. ನಾನಂತೂ ಪೂಜೆಯ ನಡುವೆ ನಕ್ಕು, ಇಗರ್ಜಿಯಿಂದ ಹೊರಗೆ ಹೋಗಿ ನಿಂತವಳು.

ನಾಟಕಕ್ಕೆ ಕಪ್ಪು ನಿಲುವಂಗಿ ಬೇಕು. ದೇರೆಬೈಲಿನ ನಮ್ಮ ಮನೆಯ ಹಳೆಯ ಟ್ರಂಕಿನಲ್ಲಿ ಅಂಥದ್ದೊಂದು ಇದೆ ಎಂದು ಅವಳ ಅಮ್ಮ ಸುಳಿವು ಕೊಟ್ಟಿದ್ದಳು.

"ಅದು ಪಾದ್ರಿಯದ್ದಲ್ಲ ಮಗಾ, ನನ್ನ ಕೋಟು" ಎಂದೆ.

"ಕೋಟಿಗೆ ಇಷ್ಟು ಬಟನ್ ಎಂತಕ್ಕೆ ಗ್ರ್ಯಾನಿ?"

ಕುತ್ತಿಗೆಯಿಂದ ಕೆಳಗಿನ ತನಕ ಒಂದೇ ಸಾಲು, ಕಡಲೆಕಾಳಿನಷ್ಟು ಗಾತ್ರದ, ಅದೇ ಬಟ್ಟೆ ಹೊದಿಸಿದ ಗುಂಡಿಗಳು. ಅವಳು ಎಣಿಸಿ ಮೂವತ್ತು ಎಂದಳು. ಅಲ್ಲ, ಮೂವತ್ತಮೂರು, ಉಳಿದ ಮೂರು ಮಡಿಕೆಯ ಒಳಗಿವೆ ಎಂದೆ. ಅಜ್ಜಿಗೆ ವಯಸ್ಸಾಯಿತು ಎಂಬಂತೆ ನನ್ನನ್ನು ನೋಡಿದಳು. ತೊಟ್ಟು ನೋಡಿದರೆ ಕೋಟು ಅವಳ ಮೊಣಕಾಲಿನಿಂದ ಸ್ವಲ್ಪವೇ ಕೆಳಗೆ ನಿಂತಿತು. ನಮ್ಮ ಮನೆಯಲ್ಲಿ ಇಷ್ಟು ಎತ್ತರದವರು ಹಿಂದೆ ಯಾರೂ ಇರಲಿಲ್ಲ. ಮಡಿಕೆ ಬಿಚ್ಚಿ ಉದ್ದ ಮಾಡಿ ಕೊಡುತ್ತೇನೆ, ನಾಳೆ ಬಾ ಎಂದು ಕಳುಹಿಸಿದೆ.

ಹಾಗೆ ಬ್ಲೇಡು ಹಿಡಿದು ಜಗಲಿಯಲ್ಲಿ ಕುಳಿತೆ. ನುಸಿಗುಳಿಗೆಯ ವಾಸನೆಯ ಅಡಿಯಲ್ಲಿ ಕಾಳುಮೆಣಸಿನ ವಾಸನೆ. ಉಣ್ಣೆಗೆ ಹುಳ ಹಿಡಿಯದಿರಲು ಕಾಳುಮೆಣಸು ಕಟ್ಟಿಡಬೇಕು ಎಂಬುದು ನನ್ನ ತಾಯಿಯ ಶಾಸ್ತ್ರ. ಈ ಕೋಟಿಗೆ ಮೊದಲು ಉಣ್ಣೆಯ ಬಟ್ಟೆಯನ್ನು ಜನ್ಮದಲ್ಲಿ ಕಂಡಿರದ ಆಕೆಗೆ ಅದು ಹೇಗೆ ಗೊತ್ತಿತ್ತೋ. ಹೊಲಿಗೆ ಗಟ್ಟಿ ಇತ್ತು, ಒಂದೊಂದು ನೂಲನ್ನೂ ಹುಡುಕಿ ಕತ್ತರಿಸಬೇಕು. ಕೈಗೆ ಇಂಥ ಕೆಲಸ ಸಿಕ್ಕಿದರೆ ತಲೆಗೆ ರಜೆ, ಅದು ತನ್ನ ಪಾಡಿಗೆ ಎಲ್ಲೆಲ್ಲಿಗೋ ಹೋಗುತ್ತದೆ.

ಅರುವತ್ತರ ದಶಕದ ಮೊದಲ ವರ್ಷಗಳು. ಆಗ ನಮ್ಮಲ್ಲಿ ಎಲ್ಲವೂ ಅಭಿವೃದ್ಧಿಯಾಗುತ್ತಿದ್ದವು. ಸರಕಾರದ ಬ್ಲಾಕ್ ಆಫೀಸಿನ ಜೀಪು ಹೋದಲ್ಲೆಲ್ಲ ಅಭಿವೃದ್ಧಿಯ ಧೂಳು. ನಾನು ಸಿಸ್ಟರುಗಳು ನಡೆಸುತ್ತಿದ್ದ ಒಂದು ಸಂಸ್ಥೆಯಲ್ಲಿ ಸಮಾಜಸೇವೆ ಕಲಿಯುತ್ತಿದ್ದೆ. ನರ್ಸ್ ಆಗು ಎಂದು ಮನೆಯಲ್ಲಿ ಹೇಳಿದ್ದರು, ಆದರೆ ರಕ್ತ ಕಂಡರೆ ನನಗೆ ತಲೆ ತಿರುಗುತ್ತದೆ. ಟೀಚರ್ ಆಗು ಎಂದರು, ಮಕ್ಕಳನ್ನು ಕಂಡರೂ ತಿರುಗುತ್ತದೆ. ಉಳಿದದ್ದು ಸಮಾಜ.

ತರಗತಿಯಲ್ಲಿ ನನ್ನ ಪಕ್ಕದ ಜಾಗ ಝೊಹರಾಳದ್ದು. ಕಂಕನಾಡಿಯಲ್ಲಿ ಅವಳ ತಂದೆಯ ಬಟ್ಟೆಯಂಗಡಿ. ಅವರ ಓಣಿಯ ಬ್ಯಾರಿ ಮುಸ್ಲಿಮರ ಮನೆಗಳಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹುಡುಗಿ ಅವಳು. ಎತ್ತರ, ತೆಳ್ಳಗೆ; ಪಕ್ಕದಲ್ಲಿ ನಾನು ಕುಳ್ಳಿ, ದುಂಡಗೆ. ಅವಳ ಮನೆಮಾತು ಬ್ಯಾರಿ, ನನ್ನದು ಕೊಂಕಣಿ. ಜಗಳಕ್ಕೆ ತುಳು, ಉಳಿದದ್ದಕ್ಕೆಲ್ಲ ಕನ್ನಡ ಎಂದು ನಮ್ಮೊಳಗೆ ಒಪ್ಪಂದವಾಗಿತ್ತು. ಝೊಹರಾಳಲ್ಲಿ ಒಂದು ದೊಡ್ಡ ಕೊರತೆ ಇತ್ತು, ಅವಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ನನ್ನ ಹೊಸ ಸೀರೆ ಹೇಗಿದೆ ಎಂದರೆ "ನಿನಗೆ ಆಗುವುದಿಲ್ಲ" ಎಂದು ಹೇಳಿಬಿಡುವಳು. ಮತ್ತೆ ಅದೇ ಬಾಯಲ್ಲಿ ತನ್ನ ಡಬ್ಬಿಯ ಅರ್ಧ ರೊಟ್ಟಿ ನನ್ನ ಮುಂದೆ ಇಡುವಳು. ಯಾವುದಕ್ಕೆ ಸಿಟ್ಟು ಮಾಡುವುದು ಹೇಳಿ.

ನಮ್ಮಿಬ್ಬರನ್ನೂ ವಾಮಂಜೂರಿಗೆ ಹಾಕಿದ್ದರು. ಈಗ ಮೊಮ್ಮಗಳ ಕಾಲೇಜಿರುವ ಕಡೆಯೆಲ್ಲ ಆಗ ಗದ್ದೆ. ವಾರಕ್ಕೆರಡು ದಿನ ಹುಣಿಯ, ಅಂದರೆ ಗದ್ದೆಬದುವಿನ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದು, ಊರನ್ನು ಮುಂದೆ ತರುವುದು ನಮ್ಮ ಕೆಲಸ. ಹೊಗೆಯಿಲ್ಲದ ಒಲೆ ಎಂಬುದೊಂದು ಬಂದಿತ್ತು. ಗಿರಿಜಕ್ಕ ಎಂಬವರ ಅಡುಗೆಕೋಣೆಯಲ್ಲಿ ಮಣ್ಣು ಕಲಸಿ, ಪುಸ್ತಕ ನೋಡಿ ಆ ಒಲೆ ಕಟ್ಟಿದೆವು. ಕೊಳವೆಯಲ್ಲಿ ಹೊರಗೆ ಹೋಗಬೇಕಾದ ಹೊಗೆ ಅಟ್ಟಕ್ಕೆ ನುಗ್ಗಿ, ಅಲ್ಲಿಂದ ಚಾವಡಿಗೆ ಇಳಿಯಿತು. ಗಿರಿಜಕ್ಕ ಕಣ್ಣೊರಸಿಕೊಳ್ಳುತ್ತಾ ಕೇಳಿದರು, "ಮೊದ್ಲು ಹೊಗೆ ಅಡುಗೆಕೋಣೆಯಲ್ಲಿ ಮಾತ್ರ ಇತ್ತು. ಈಗ ಇಡೀ ಮನೆಯಲ್ಲಿ ಉಂಟು. ಅಭಿವೃದ್ಧಿ ಅಂದ್ರೆ ಇದಾ ಅಕ್ಕ?"

ಆ ವರ್ಷ ಡೆನ್ಮಾರ್ಕಿನಿಂದ ಕಾಗದ ಬಂತು. ಬೇಸಿಗೆಯ ಮೂರು ತಿಂಗಳು ಅಲ್ಲಿನ ಹಳ್ಳಿಯೊಂದರಲ್ಲಿ ಉಳಿದು, ಜನ ಸೇರಿ ಹಾಲಿನ ಸಂಘ, ಶಾಲೆ ನಡೆಸುವುದನ್ನೆಲ್ಲ ಕಲಿಯಲು ನಮ್ಮಲ್ಲಿಂದ ಒಬ್ಬಳನ್ನು ಕರೆಸುತ್ತಾರಂತೆ. ವಿಮಾನದ ಟಿಕೇಟು ಅವರದೇ. ಆರಿಸಲು ಒಬ್ಬ ಬಿಳಿಯ ದೊರೆಸಾನಿ ಬಂದರು. ಒಲೆಯ ಕೆಲಸ ಹೇಗಾಯಿತು ಎಂದು ಕೇಳಿದರು. "ಬಹಳ ಚೆನ್ನಾಗಿ ಆಯಿತು, ಊರಿನವರಿಗೆ ಸಂತೋಷವಾಗಿದೆ" ಎಂದೆ ನಾನು. ನನ್ನ ನಂತರ ಒಳಗೆ ಹೋದ ಝೊಹರಾ, "ಕೊಳವೆ ಗಿಡ್ಡವಾಯಿತು, ಹೊಗೆ ಹೆಚ್ಚಾಯಿತು. ಮುಂದಿನ ವಾರ ಬಿಚ್ಚಿ ಪುನಃ ಕಟ್ಟಬೇಕು" ಎಂದಳಂತೆ. ಅವಳು ಮೊದಲನೆಯವಳಾದಳು. ನಾನು ಎರಡನೆಯವಳು. ಹೋಗುವುದು ಒಬ್ಬಳೇ.

ನಮ್ಮ ಪ್ರಿನ್ಸಿಪಾಲ್ ಸಿಸ್ಟರ್ ಕೊಡೆ ಇದ್ದರೂ ಇನ್ನೊಂದು ಕೊಡೆ ಹಿಡಿದು ಹೋಗುವ ಜಾತಿಯವರು. "ಎರಡನೆಯವಳೂ ತಯಾರಾಗಿರಲಿ" ಎಂದು ನನಗೂ ಪಾಸ್‌ಪೋರ್ಟ್ ಮಾಡಿಸಿದರು. ಸಿಡುಬಿನ ಚುಚ್ಚು, ಕಾಲರಾದ ಸೂಜಿ ಇಬ್ಬರಿಗೂ ಆಯಿತು. ಇಬ್ಬರ ತೋಳೂ ಬಾತು, ಇಬ್ಬರಿಗೂ ಜ್ವರ ಬಂದು ಮಲಗಿದೆವು. ಅವಳು ಜ್ವರದಲ್ಲಿ ಡೆನ್ಮಾರ್ಕಿಗೆ ಹೋಗುತ್ತಿದ್ದಳು, ನಾನು ಬರೇ ಜ್ವರದಲ್ಲಿದ್ದೆ.

ಹೊಟ್ಟೆಕಿಚ್ಚು ಇರಲಿಲ್ಲ ಎಂದರೆ ನೀವು ನಂಬುವುದಿಲ್ಲ, ನಾನೂ ನಂಬುವುದಿಲ್ಲ. ಆದರೂ ಹಲ್ಲು ಕಚ್ಚಿ ಒಳ್ಳೆಯವಳಾಗಿಯೇ ಇದ್ದೆ. ಕೋಟಿನ ಬಟ್ಟೆ ಬರುವ ತನಕ.

ಅಲ್ಲಿ ಬೇಸಿಗೆಯಲ್ಲೂ ಸಂಜೆಗೆ ಚಳಿ, ಉದ್ದದ ಬೆಚ್ಚನೆಯ ಕೋಟು ಬೇಕು ಎಂದು ಕಾಗದದಲ್ಲಿತ್ತು. ಝೊಹರಾಳ ತಂದೆ ಮುಂಬಯಿಯಿಂದ ಕಪ್ಪು ಉಣ್ಣೆಯ ಬಟ್ಟೆ ತರಿಸಿದರು. ಹೊಲಿಯುವವರು ಯಾರು? ಮಂಗಳೂರಿನ ಸೆಕೆಯಲ್ಲಿ ಅಂಥ ದಪ್ಪ ಬಟ್ಟೆಗೆ ಸೂಜಿ ಹಾಕಿದ ಒಬ್ಬನೇ ಮನುಷ್ಯನೆಂದರೆ ಪಾಸ್ಕು ಮಾಮ. ಕಂಕನಾಡಿ ಮಾರ್ಕೆಟಿನ ಪಕ್ಕದಲ್ಲಿ ಅವರ ಅಂಗಡಿ. ನಲವತ್ತು ವರ್ಷ ಪಾದ್ರಿಗಳ ನಿಲುವಂಗಿ ಬಿಟ್ಟು ಬೇರೇನನ್ನೂ ಹೊಲಿದವರಲ್ಲ. ಹೆಂಗಸಿನ ಕೋಟಿನ ಚಿತ್ರ ತೋರಿಸಿದಾಗ ಕನ್ನಡಕ ಏರಿಸಿ ನೋಡಿ, ಆಯಿತು ಎಂದರು. ಹೊಲಿದದ್ದು ನಿಲುವಂಗಿಯನ್ನೇ. ಗುಂಡಿ ಮೂವತ್ತಮೂರು, ಯೇಸುಸ್ವಾಮಿ ಭೂಮಿಯ ಮೇಲೆ ಬದುಕಿದ ವರ್ಷಗಳಷ್ಟು.

"ಮಾಮ, ಇದು ಬ್ಯಾರಿ ಹುಡುಗಿಯ ಕೋಟಲ್ವಾ?" ಎಂದು ನಾನು ನಕ್ಕೆ.

ಝೊಹರಾ ನಗಲಿಲ್ಲ. ಬೆರಳಿನಲ್ಲಿ ಒಂದೊಂದೇ ಗುಂಡಿಯನ್ನು ಸರಿಸುತ್ತಾ ಕೆಳಗಿನ ತನಕ ಹೋದಳು. "ನಮ್ಮ ತಸ್ಬಿಯಲ್ಲೂ ಮೂವತ್ತಮೂರೇ ಮಣಿ" ಎಂದಳು. "ಸರಿಯೇ ಉಂಟು ಮಾಮ. ಬದಲಿಸುವುದು ಬೇಡ."

ಪ್ರಾರ್ಥನೆಯ ಮಣಿ ಎಣಿಸಿದ ಹಾಗೆ ಆ ಗುಂಡಿಗಳನ್ನು ಮುಟ್ಟುತ್ತಾ ನಿಂತ ಅವಳ ಮುಖದಲ್ಲಿ ಒಂದು ಬೆಳಕಿತ್ತು. ಆ ಬೆಳಕನ್ನು ನೋಡಿದ ಮೇಲೆ ನನಗೆ ತಡೆಯಲಾಗಲಿಲ್ಲ. ಮರುದಿನವೇ ಸಂತ ಅಂತೋನಿಯವರಿಗೆ ನೊವೆನಾ ಹಿಡಿದೆ. ಒಂಬತ್ತು ದಿನ, ದಿನಕ್ಕೊಂದು ಮೇಣದಬತ್ತಿ, ಯಾರಿಗೂ ಹೇಳದೆ. ನಾನು ಕೇಳಿದ್ದು ಇಷ್ಟೇ, "ನನಗೂ ಒಂದು ದಾರಿ ಮಾಡಿಕೊಡಿ." ನನಗೂ ಎಂದಿದ್ದೆ, ಅವಳ ಬದಲಿಗೆ ಎಂದಿರಲಿಲ್ಲ. ಇದನ್ನು ಆಮೇಲೆ ಎಷ್ಟು ಸಲ ನನಗೆ ನಾನೇ ಹೇಳಿಕೊಂಡೆನೋ ಲೆಕ್ಕವಿಲ್ಲ.

ಒಂಬತ್ತನೆಯ ದಿನ ಮೇಣದಬತ್ತಿ ಹಚ್ಚಿ ಮನೆಗೆ ಬಂದರೆ ಸುದ್ದಿ ಕಾದಿತ್ತು. ಝೊಹರಾಳ ಉಮ್ಮನಿಗೆ ಹೊಟ್ಟೆನೋವು ಜೋರಾಗಿ ಕಂಕನಾಡಿಯ ಆಸ್ಪತ್ರೆಗೆ ಸೇರಿಸಿದ್ದಾರೆ. ಗಡ್ಡೆಯಂತೆ, ಆಪರೇಶನ್ ಆಗಬೇಕಂತೆ, ಆಮೇಲೂ ಎರಡು ಮೂರು ತಿಂಗಳು ಹಾಸಿಗೆಯೇ. ಮನೆಯಲ್ಲಿ ಮೂವರು ಚಿಕ್ಕ ತಮ್ಮಂದಿರು, ಇವಳೊಬ್ಬಳೇ ಮಗಳು. ಎರಡೇ ದಿನದಲ್ಲಿ ಸಿಸ್ಟರ್ ನನ್ನನ್ನು ಕರೆದು, "ಝೊಹರಾ ಬಂದು ಹೇಳಿ ಹೋದಳು. ನೀನು ಹೋಗುತ್ತಿ. ಇನ್ನು ಹದಿನೈದು ದಿನ ಉಂಟು" ಎಂದರು.

ಆಸೆಪಟ್ಟದ್ದು ಕೈಗೆ ಬಂದಾಗ ಕುಣಿಯಬೇಕಿತ್ತು. ಕುಣಿಯಲಿಲ್ಲ. ಸಂತ ಅಂತೋನಿಯವರು ಕಳೆದುಹೋದದ್ದನ್ನು ಹುಡುಕಿಕೊಡುವವರು, ನನಗಾಗಿ ಇನ್ನೊಬ್ಬಳದ್ದನ್ನು ಕಸಿದು ತಂದುಕೊಟ್ಟರು ಎಂದೇ ನನ್ನ ನಂಬಿಕೆಯಾಯಿತು. ಮನೆಯಲ್ಲಿ ಯಾರು ಯಾವ ಮಾತೆತ್ತಿದರೂ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಳ್ಳತೊಡಗಿದೆ. ಅನ್ನ ಸೇರಲಿಲ್ಲ. ಮೂರನೆಯ ದಿನ ಪಾಪನಿವೇದನೆಗೆ ಹೋದೆ. ಜಾಲರಿಯ ಆಚೆ ನಮ್ಮ ಇಗರ್ಜಿಯ ಮುದಿ ಪಾದ್ರಿ, ವಿಗಾರರು.

"ಫಾದರ್, ನಾನು ಪ್ರಾರ್ಥನೆ ಮಾಡಿ ಒಬ್ಬರ ತಾಯಿಗೆ ರೋಗ ತಂದೆ."

ಅವರು ಪೂರ್ತಿ ಕತೆ ಹೇಳಿಸಿಕೊಂಡ ಮೇಲೆ ಕೇಳಿದರು, "ಆ ತಾಯಿಗೆ ನೋವು ಯಾವಾಗಿನಿಂದ ಉಂಟು?"

"ಎರಡು ವರ್ಷದಿಂದ ಅಂತೆ ಫಾದರ್. ಯಾರಿಗೂ ಹೇಳಿರ್ಲಿಲ್ಲ."

"ನೀನು ನೊವೆನಾ ಹಿಡಿದದ್ದು?"

"ಹನ್ನೆರಡು ದಿನ ಆಯ್ತು."

"ಹಾಗಾದ್ರೆ ಸಂತ ಅಂತೋನಿಯವರಿಗೆ ಕ್ಯಾಲೆಂಡರ್ ನೋಡ್ಲಿಕ್ಕೆ ಬರುವುದಿಲ್ಲ ಅಂತ ಹೇಳ್ತೀಯಾ?"

ನಾನು ಜಾಲರಿಗೆ ಹಣೆ ಒತ್ತಿ ಅತ್ತೆ. ನಿನ್ನ ತಪ್ಪಿಲ್ಲ ಎಂದು ಅವರು ಹೇಳಿದ್ದು ನನಗೆ ತಾಗಲಿಲ್ಲ. ಅದು ಅವರಿಗೂ ತಿಳಿದಿರಬೇಕು, ಸ್ವರ ಬದಲಿಸಿದರು. "ಸರಿ, ಪ್ರಾಯಶ್ಚಿತ್ತ ಬೇಕೇ ಬೇಕಾದ್ರೆ ಕೇಳು. ಮೇಣದಬತ್ತಿ ಸಾಕು. ಒಂಬತ್ತು ದಿನ ಆ ತಾಯಿಗೆ ಗಂಜಿ ತೆಗೆದುಕೊಂಡು ಹೋಗು. ಬಿಸಿ ಇರಬೇಕು."

ಹೀಗೆ ಪರದೇಶಕ್ಕೆ ಹೊರಡುವ ನನ್ನ ಸಿದ್ಧತೆ ಗಂಜಿಯಿಂದ ಆರಂಭವಾಯಿತು. ಮಾಂಯ್, ಅಂದರೆ ನನ್ನ ತಾಯಿ, ಬೆಳಿಗ್ಗೆ ಗಂಜಿ ಬೇಯಿಸಿ ಡಬ್ಬಿಗೆ ಹಾಕಿ, ಡಬ್ಬಿಗೆ ಟವೆಲು ಸುತ್ತಿ ಕೊಡುವರು. ದೇರೆಬೈಲಿನಿಂದ ಕಂಕನಾಡಿಗೆ ಎರಡು ಬಸ್ಸು. ಡಬ್ಬಿಯನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡರೆ ಮೇ ತಿಂಗಳ ಸೆಕೆಯಲ್ಲಿ ಬೆವರು ಧಾರೆ. ಕಂಡಕ್ಟರನಿಗೆ ನಾಲ್ಕನೆಯ ದಿನಕ್ಕೆ ಕುತೂಹಲ ತಡೆಯದೆ, "ಅದರಲ್ಲಿ ಎಂತ ಉಂಟು ಬಾಯಮ್ಮಾ, ಅಷ್ಟು ಭದ್ರ ಮಾಡುವುದು?" ಎಂದ. ನನ್ನ ಪಾಪ ಎಂದು ಹೇಳಲಾದೀತೇ?

ಮನೆಯಲ್ಲಿ ಇನ್ನೊಂದು ಕಡೆ ಮಾಂಯ್ ಡೆನ್ಮಾರ್ಕಿನ ಪಟ್ಟಿಯ ಜೊತೆ ಗುದ್ದಾಡುತ್ತಿದ್ದರು. ಜೂನ್ ತಿಂಗಳಲ್ಲಿ ಬೇಸಿಗೆ ಎಂಬುದೇ ಅವರಿಗೆ ಒಪ್ಪಿಗೆಯಾಗಲಿಲ್ಲ. "ಜೂನ್‌ನಲ್ಲಿ ಎಂತ ಬೇಸಿಗೆ? ಮಳೆ ಸರಿಯಾಗಿ ಬರದ ಊರು ಅದು, ಜನರಿಗೆ ಹೇಳ್ಲಿಕ್ಕೆ ನಾಚಿಕೆ" ಎಂದು ತೀರ್ಪು ಕೊಟ್ಟರು. ಪಟ್ಟಿಯಲ್ಲಿ ಮಲಗುವ ಚೀಲ ಎಂದಿತ್ತು. ಮನುಷ್ಯರು ಚೀಲದಲ್ಲಿ ಮಲಗುವುದುಂಟೇ ಎಂದು ಒಂದು ದಿನವಿಡೀ ಯೋಚಿಸಿ, ಎರಡು ಹಾಸುಬಟ್ಟೆ ಸೇರಿಸಿ ಮೂರು ಕಡೆ ಹೊಲಿದರು. ಒಳಗೆ ಹೊಕ್ಕು ನೋಡು ಎಂದರು. ಹೊಕ್ಕೆ. ತಲೆ ಮಾತ್ರ ಹೊರಗೆ ಇಟ್ಟು ಮಲಗಿದ ನನ್ನನ್ನು ನೋಡಿ ಮಾಂಯ್‌ಗೆ ಒಮ್ಮೆಲೇ ಅಳು ಬಂತು. ಯಾಕೆಂದು ಹೇಳಲಿಲ್ಲ. ನಾನು ಕೇಳಲೂ ಇಲ್ಲ, ಚೀಲದಿಂದ ಹೊರಗೆ ಬರುವ ಗಡಿಬಿಡಿಯಲ್ಲಿದ್ದೆ. ಆ ಹೊತ್ತಿನಲ್ಲಿ ಕೈ ಹಿಡಿದುಕೊಳ್ಳಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಪಟ್ಟಿಯ ಕೊನೆಯಲ್ಲಿ, ಪ್ರತಿಯೊಂದು ಬಟ್ಟೆಯ ಮೇಲೂ ಹೆಸರಿರಬೇಕು, ಅಲ್ಲಿ ಎಲ್ಲರ ಬಟ್ಟೆ ಒಟ್ಟಿಗೆ ಒಗೆಯುತ್ತಾರೆ ಎಂದಿತ್ತು. ಮಾಂಯ್ ಮತ್ತು ನಾನು ಕುಳಿತು ರವಿಕೆ, ಲಂಗ, ಟವೆಲು, ಆ ಮಲಗುವ ಚೀಲ, ಎಲ್ಲದರ ಮೇಲೂ ಕೆಂಪು ನೂಲಿನಲ್ಲಿ ಫಿಲೊಮಿನಾ ಎಂದು ಹೊಲಿದೆವು. ಹೆಸರು ಉದ್ದ. ಕರವಸ್ತ್ರದ ಹೊತ್ತಿಗೆ ಬರೇ ಫಿಲ್ಲು ಆಯಿತು.

ಆಸ್ಪತ್ರೆಯಲ್ಲಿ ಆಪರೇಶನ್ ಮುಗಿದು ಉಮ್ಮ ದಿನೇದಿನೇ ಚೇತರಿಸಿಕೊಂಡರು. ನಾಲ್ಕು ಚಮಚ ಗಂಜಿತಿಳಿಯಿಂದ ಅರ್ಧ ಬಟ್ಟಲಿಗೆ ಬಂದರು. "ನಿನ್ನ ಅಮ್ಮನ ಕೈ ಒಳ್ಳೆದುಂಟು" ಎನ್ನುವರು. ನನ್ನ ತಲೆ ಸವರಿ, "ಅಲ್ಲಿ ಅವರು ಕೊಟ್ಟದ್ದನ್ನೆಲ್ಲ ತಿನ್ಬೇಡ. ಒಬ್ಬಳೇ ತಿರುಗ್ಬೇಡ. ತಲೆಗೆ ಎಣ್ಣೆ ಹಾಕ್ಲಿಕ್ಕೆ ಮರೀಬೇಡ" ಎನ್ನುವರು. ತನ್ನ ಮಗಳಿಗಾಗಿ ಜೋಡಿಸಿಟ್ಟಿದ್ದ ಬುದ್ಧಿಮಾತುಗಳನ್ನೆಲ್ಲ ನನಗೆ ಕೊಡುತ್ತಿದ್ದಾರೆ ಎಂದು ತಿಳಿದು ನಾನು ಒಳಗೊಳಗೇ ಕರಗಿಹೋಗುತ್ತಿದ್ದೆ.

ಒಂಬತ್ತನೆಯ ದಿನ ಡಬ್ಬಿ ಖಾಲಿಯಾದ ಮೇಲೆ ಝೊಹರಾಳನ್ನು ಹೊರಗಿನ ಜಗಲಿಗೆ ಕರೆದೆ. ಅಲ್ಲಿ ನರ್ಸುಗಳು ಒಗೆದ ಚಾದರಗಳನ್ನು ಹಗ್ಗಕ್ಕೆ ಹಾಕುತ್ತಿದ್ದರು. ಹಗಲು ಬೆಳಕಿನಲ್ಲಿ, ಅಷ್ಟು ಜನರ ನಡುವೆ, ನೊವೆನಾದ ವಿಷಯ ಎಲ್ಲ ಹೇಳಿಬಿಟ್ಟೆ. ಹೇಳುತ್ತಾ ಹೇಳುತ್ತಾ ಮೂಗು, ಕಣ್ಣು ಒಂದಾಯಿತು. ನೀನು ಇನ್ನು ನನ್ನ ಜೊತೆ ಮಾತಾಡದಿದ್ದರೂ ಸರಿ, ನಾನು ಹೋಗುವುದಿಲ್ಲ, ಸಿಸ್ಟರಿಗೆ ಹೇಳುತ್ತೇನೆ ಎಂದೆ.

ಝೊಹರಾ ಹಗ್ಗದ ಚಾದರಗಳನ್ನೇ ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿ ನಕ್ಕಳು.

"ನಿನಗೊಂದು ಗುಟ್ಟು ಹೇಳ್ತೇನೆ ಫಿಲ್ಲು. ನನಗೆ ಹೋಗ್ಲಿಕ್ಕೆ ಮನಸ್ಸೇ ಇರ್ಲಿಲ್ಲ. ವಿಮಾನ ಅಂದ್ರೆ ಹೆದರಿಕೆ. ಬಾಪನಿಗೆ ಆಸೆ, ಸಿಸ್ಟರಿಗೆ ಆಸೆ, ಅದಕ್ಕೆ ಹೂಂ ಅಂದದ್ದು. ಹೇಗಾದ್ರೂ ತಪ್ಪಿಹೋಗ್ಲಿ ಅಂತ ದರ್ಗಾಕ್ಕೆ ಹರಕೆ ಕೂಡ ಹೇಳಿದ್ದೆ. ಇದು ನಿನ್ನ ಸಂತರು, ನನ್ನ ಹರಕೆ, ಎರಡೂ ಸೇರಿ ಆದ ಕೆಲಸ ಮಾರಾಯ್ತಿ. ನೀನೊಬ್ಬಳೇ ಹೆಸರು ತಕೊಳ್ಬೇಡ."

"ನಿಜವಾ?"

"ನಾನು ಯಾವಾಗ ಸುಳ್ಳು ಹೇಳಿದ್ದುಂಟು?"

ಅದೂ ಸರಿಯೇ. ನನ್ನ ಎದೆಯ ಮೇಲಿನ ಅಕ್ಕಿಮುಡಿ ಇಳಿಯಿತು. ನಂಬಿದೆ. ನಂಬಲು ನನಗೂ ಬಹಳ ಅನುಕೂಲವಿತ್ತು.

ಮರುದಿನ ಅವಳೇ ನನ್ನನ್ನು ಪಾಸ್ಕು ಮಾಮನ ಅಂಗಡಿಗೆ ಎಳೆದುಕೊಂಡು ಹೋದಳು. ಕೋಟು ಹೊಲಿದು ಮುಗಿದಿತ್ತು. ಅದಾಗಲೇ ಅವಳ ಮನೆಗೂ ಹೋಗಿ, ಈಗ ಕಾಗದದಲ್ಲಿ ಸುತ್ತಿಕೊಂಡು ವಾಪಸು ಬಂದಿತ್ತು. ನಾನು ತೊಟ್ಟರೆ ಅಂಗಡಿಯ ನೆಲ ಗುಡಿಸುವಂತಾಯಿತು. ಒಂದು ಗೇಣು ಕತ್ತರಿಸಬೇಕು ಎಂದೆ.

"ಕತ್ತರಿಸುವ ಮಾತೇ ಇಲ್ಲ" ಎಂದರು ಪಾಸ್ಕು ಮಾಮ. "ಕತ್ತರಿಸಿದ್ದು ಹೋಯ್ತು, ಮಡಚಿದ್ದು ಉಳೀತು. ಸೆಮಿನರಿಗೆ ಹೋಗುವ ಮಕ್ಕಳಿಗೆಲ್ಲ ನಾನು ಮಡಚಿಯೇ ಕೊಡುವುದು. ನಾಳೆ ನೀನು ಉದ್ದ ಬೆಳೆದ್ರೆ?"

"ನನಗೆ ಇಪ್ಪತ್ತೆರಡು ಆಯ್ತು ಮಾಮ."

"ಆದ್ರೆಂತ?"

ಅವರಿಗೆ ಚಿಂತೆ ಇದ್ದದ್ದು ಗುಂಡಿಗಳದ್ದು. ಮಡಚಿದರೆ ಮೂರು ಕಡಿಮೆಯಾಗುತ್ತವೆ. ಬಹಳ ಹೊತ್ತು ಗಡ್ಡ ತುರಿಸಿಕೊಂಡು ಕೊನೆಗೆ, "ಹೊರಗೆ ಮೂವತ್ತು, ಒಳಗೆ ಮೂರು. ಮಡಿಕೆಯ ಒಳಗೆ ಹೊಲಿದುಬಿಡ್ತೇನೆ. ದೇವರಿಗೆ ಒಳಗಿನದ್ದೂ ಕಾಣ್ತದೆ" ಎಂದರು. ಆಮೇಲೆ ಝೊಹರಾ ಅವರ ಜೊತೆ ಏನೋ ಮಾತಾಡಲು ಒಳಗೆ ಉಳಿದಳು. ನಾನು ಹೊರಗೆ ನಿಂತು ಎಳನೀರಿನ ಬೊಂಡ ಕುಡಿದೆ.

ಕೋಟು ಕೈಗೆ ಬಂದದ್ದು ಹೊರಡುವ ದಿನ ಬೆಳಿಗ್ಗೆ. ಅದಕ್ಕೆ ಮಾತ್ರ ನನ್ನ ಹೆಸರು ಹೊಲಿಯಲು ಸಮಯ ಸಿಗಲಿಲ್ಲ. ಬಜ್ಪೆಯ ವಿಮಾನ ನಿಲ್ದಾಣಕ್ಕೆ ಮಾಂಯ್ ಬಂದರು, ಝೊಹರಾಳೂ ಬಂದಳು. ನಾನು ಏಣಿ ಹತ್ತಿ ತಿರುಗಿ ನೋಡಿದಾಗ ಮಾಂಯ್ ಅಳುತ್ತಿದ್ದರು. ಝೊಹರಾ ವಿಮಾನವನ್ನು ಮೂಗಿನಿಂದ ಬಾಲದ ತನಕ ನೋಡುತ್ತಾ ನಿಂತಿದ್ದಳು. ಪಾಪ, ಎಷ್ಟು ಹೆದರಿಕೆ ಎಂದುಕೊಂಡೆ.

ಡೆನ್ಮಾರ್ಕಿನ ಹಳ್ಳಿಯಲ್ಲಿ ಆ ಕೋಟು ನನಗಿಂತ ಮೊದಲು ಪ್ರಸಿದ್ಧವಾಯಿತು. ಅಲ್ಲಿನ ಪಾದ್ರಿಗಳೂ ಕಪ್ಪು ನಿಲುವಂಗಿಯವರೇ. ಅಲ್ಲಿ ಹೆಂಗಸರೂ ಪಾದ್ರಿಯಾಗುವುದುಂಟಂತೆ. ಹಾಲಿನ ಸಂಘದ ಮುದುಕನೊಬ್ಬ ಟೊಪ್ಪಿ ತೆಗೆದು, ನಿಮ್ಮ ಇಗರ್ಜಿ ಎಲ್ಲಿ ಎಂದು ಕೇಳಿದ. ನನ್ನ ಮಲಗುವ ಚೀಲವೇ ಎಲ್ಲಕ್ಕಿಂತ ಸರಿಯಾದದ್ದು ಎಂದಾಯಿತು, ಮಾಂಯ್‌ಗೆ ಬರೆದು ತಿಳಿಸಿದೆ. ಶಿಬಿರದ ಮೇಲ್ವಿಚಾರಕಿ 'ಕೋಟಿಗೆ ಹೆಸರಿಲ್ಲವಲ್ಲ' ಎಂದು ಎರಡು ಸಲ ಗದರಿದರು. ಇಲ್ಲಿ ಇಂಥದ್ದು ಇನ್ನೊಂದಿಲ್ಲ, ಕಳೆದರೂ ನನಗೇ ಬರುತ್ತದೆ ಎಂದೆ.

ಮರಳಿದ ಮೇಲೆ ಮೊದಲು ಹೋದದ್ದು ಝೊಹರಾಳ ಮನೆಗೆ. ಉಮ್ಮ ಎದ್ದು ಓಡಾಡುತ್ತಿದ್ದರು. ಝೊಹರಾ ಗಿರಿಜಕ್ಕನ ಒಲೆಯನ್ನು ಮೂರನೆಯ ಸಲ ಕಟ್ಟಿ ಗೆದ್ದ ಕತೆ ಹೇಳಿದಳು. ಡೆನ್ಮಾರ್ಕಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅಂದು ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಮನಸ್ಸೇ ಇಲ್ಲದವಳಿಗೆ ಹೇಳಿ ಯಾಕೆ ಬೇಸರ ತರುವುದು ಎಂದು ನಾನೂ ಸುಮ್ಮನಿದ್ದೆ. ಅವಳಿಗೆ ಮದುವೆಯಾಯಿತು, ನನಗೂ ಆಯಿತು. ನಾನು ಬ್ಲಾಕ್ ಆಫೀಸಿನಲ್ಲಿ ಫೈಲು ಕಟ್ಟಿದೆ. ಅವಳು ತನ್ನ ಓಣಿಯ ಹೆಂಗಸರನ್ನು ಜಗಲಿಯಲ್ಲಿ ಕೂರಿಸಿ ಓದು ಬರಹ ಕಲಿಸಿದಳು, ಎರಡು ತಲೆಮಾರಿಗೆ. ನಮ್ಮಿಬ್ಬರಲ್ಲಿ ಸಮುದಾಯದ ಅಭಿವೃದ್ಧಿ ಮಾಡಿದವರು ಯಾರು ಎಂದು ಕೇಳಿದರೆ ನನಗೇ ನಗು ಬರುತ್ತದೆ.

ಇಷ್ಟರಲ್ಲಿ ಬ್ಲೇಡು ಮಡಿಕೆಯ ಮುಕ್ಕಾಲು ಭಾಗ ದಾಟಿತ್ತು. ಮೊದಲು ಪಾಸ್ಕು ಮಾಮನ ಮೂರು ಗುಂಡಿಗಳು ಹೊರಬಂದವು, ಹೊಸದರ ಹಾಗೆ. ಅವುಗಳ ಪಕ್ಕದಲ್ಲಿ ಕೈಗೆ ಏನೋ ಒರಟು ತಾಗಿತು. ಕನ್ನಡಕ ತಂದು ನೋಡಿದೆ. ಕೆಂಪು ರೇಶ್ಮೆ ನೂಲು, ಸರಪಳಿ ಹೊಲಿಗೆ, ಇಂಗ್ಲಿಷ್ ಅಕ್ಷರಗಳು. ಝೊಹರಾ. ಅದರ ಕೆಳಗೆ ಮಂಗಳೂರು. ಅದರ ಕೆಳಗೆ ಇಂಡಿಯಾ. ಬದಿಯಲ್ಲಿ ಒಂದು ಸಣ್ಣ ಮಲ್ಲಿಗೆ ಮೊಗ್ಗು, ಅದಕ್ಕೆ ಹಸಿರು ತೊಟ್ಟು.

ಪಟ್ಟಿ ಅವಳಿಗೂ ಬಂದಿತ್ತಲ್ಲ, ನನಗಿಂತ ಮೊದಲೇ. ಹೋಗಲು ಮನಸ್ಸಿಲ್ಲದವಳು ಹೀಗೆ ಹೆಸರು ಹೊಲಿಯುವುದಿಲ್ಲ. ಮೊಗ್ಗಿಗೆ ತೊಟ್ಟು ಇಡುವುದಿಲ್ಲ.

ಕೋಟನ್ನು ಚೀಲಕ್ಕೆ ತುಂಬಿ, ರಿಕ್ಷಾ ಹಿಡಿದು ಕಂಕನಾಡಿಗೆ ಹೋದೆ. ಝೊಹರಾ ಕಿಟಕಿಯ ಬಳಿ ಕುಳಿತಿದ್ದಳು. ಅವಳ ಮಡಿಲಲ್ಲಿ ಕೋಟು ಹಾಸಿ ಹೆಸರನ್ನು ಮೇಲೆ ಮಾಡಿದೆ. ಅವಳು ಬಹಳ ಹೊತ್ತು ಬೆರಳಾಡಿಸಿದಳು.

"ಇದನ್ನು ಬಿಚ್ಚಲಿಕ್ಕೆ ನಿನಗೆ ಯಾರು ಹೇಳಿದ್ದು?"

"ಅವತ್ತು ಆಸ್ಪತ್ರೆಯಲ್ಲಿ ನನಗೆ ಸುಳ್ಳು ಹೇಳಿದ್ದಾ?"

"ಹೂಂ" ಎಂದಳು. "ಜನ್ಮದಲ್ಲಿ ಅದೊಂದೇ. ನೀನು ಅಷ್ಟು ಅಳ್ತಿದ್ದಿ. ಬೇರೆ ಎಂತ ಹೇಳುವುದು?"

"ಹೋಗ್ಬೇಕು ಅಂತ ಆಸೆ ಇತ್ತಾ?"

"ಬಹಳ ಇತ್ತು."

ಇಷ್ಟು ವರ್ಷಗಳ ಮೇಲೆ ಆ ಎರಡು ಶಬ್ದ ಕೇಳಿ ನನಗೆ ಕುಳಿತುಕೊಳ್ಳಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಅವಳೇ ಮುಂದುವರಿಸಿದಳು. "ಹೆಸರು ತೆಗೀಲಿಕ್ಕೆ ಕೂತಿದ್ದೆ. ಕೈ ಬರ್ಲಿಲ್ಲ. ಪಾಸ್ಕು ಮಾಮನಿಗೆ ಹೇಳಿದೆ, ಒಳಗೆ ಮಡಚಿ ಬಿಡಿ, ಹೆಸರಾದ್ರೂ ಹೋಗಿ ಬರ್ಲಿ ಅಂತ." ನನ್ನ ಮುಖ ನೋಡಿ, "ಪುನಃ ಅಳ್ಬೇಡ ಮಾರಾಯ್ತಿ. ಇನ್ನೊಂದು ಸುಳ್ಳು ಹೇಳ್ಲಿಕ್ಕೆ ಈ ಪ್ರಾಯದಲ್ಲಿ ನನ್ನಿಂದಾಗುದಿಲ್ಲ" ಎಂದಳು.

ಆಮೇಲೆ ಎದ್ದು ನಿಂತು ಕೈ ಚಾಚಿದಳು. ತೊಡಿಸಿದೆ. ಫ್ಯಾನಿನ ಕೆಳಗೆ, ಮೇ ತಿಂಗಳ ಮಧ್ಯಾಹ್ನದಲ್ಲಿ, ಉಣ್ಣೆಯ ಕೋಟು. ಅವಳ ಅಳತೆಗೆ ಹೊಲಿದದ್ದು ಈಗ ಅವಳಿಗೂ ಉದ್ದ. ಬೆನ್ನು ಬಾಗಿ, ನನಗಿಂತ ನಾಲ್ಕು ಬೆರಳು ಮಾತ್ರ ಎತ್ತರ ಉಳಿದಿದ್ದಾಳೆ. ಮೇಲಿನ ಗುಂಡಿಗಳನ್ನು ಅವಳೇ ಹಾಕಿಕೊಂಡಳು, ತುಟಿಯಲ್ಲೇ ಎಣಿಸುತ್ತಾ. ಕೆಳಗಿನವಕ್ಕೆ ನಾನು ಮೊಣಕಾಲೂರಿದೆ. ಮೊಣಕಾಲು ಲಟಕ್ಕೆಂದಿತು, ಇಬ್ಬರೂ ನಕ್ಕೆವು. ಒಳಗಿದ್ದ ಆ ಮೂರನ್ನು ಮಾತ್ರ ಹಾಕಲಾಗಲಿಲ್ಲ, ಅವುಗಳ ಕಾಜಾಗಳನ್ನು ಪಾಸ್ಕು ಮಾಮ ಅಂದೇ ಹೊಲಿದು ಮುಚ್ಚಿದ್ದರು.

ಝೊಹರಾ ಹಾಗೆಯೇ ಕುರ್ಚಿಯಲ್ಲಿ ಕುಳಿತಳು, ಕೋಟಿನ ಸೆರಗನ್ನು ಮಡಿಲಿಗೆ ಎಳೆದುಕೊಂಡು ಹೆಸರಿನ ಮೇಲೆ ಕೈಯಿಟ್ಟಳು.

"ಆಯ್ತು" ಎಂದಳು. "ವಿಮಾನದಿಂದ ಇಳಿದೆವು. ಆಮೇಲೆ ಎಂತಾಯ್ತು, ಹೇಳು."

ಅವಳ ಎದುರು ಕುಳಿತು, ಮೊದಲಿನಿಂದ ಹೇಳತೊಡಗಿದೆ.